ದುಗ್ಗಿಯ ಸುಗಂಧಿ

ಬಹಳ ಹಿಂದೆ ಒಂದೂರಿನಲ್ಲಿ ದುಗ್ಗಿ ಅಂತ ಒಬ್ಬಳಿದ್ದಳಂತೆ. ಯಾವ ಕಾಲ ಅಂತ ಕೇಳಬೇಡಿ ಮಕ್ಕಳೇ, ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಊರಿನ ತುದಿಯಲ್ಲಿ, ಹಳ್ಳದ ಪಕ್ಕ ಅವಳ ಮನೆ. ಗಂಡ ಬೇಗ ಸತ್ತನಂತೆ. ಉಳಿದದ್ದು ಮೊಲೆಹಾಲು ಕುಡಿಯುವ ಮಗಳು ಅಕ್ಕಣಿ, ಮತ್ತೆ ಬಚ್ಚಲ ನೀರು ಹೋಗುವಲ್ಲಿ ಒಂದು ಬುಡ ಸುಗಂಧಿ.

ಸುಗಂಧಿ ಅಂದರೆ ಶುಂಠಿಯದೇ ಜಾತಿ. ಗಡ್ಡೆಯೂ ಹಾಗೇ, ಎಲೆಯೂ ಹಾಗೇ. ಆದರೆ ಸಾರಿಗೆ ಬರುವುದಿಲ್ಲ, ಮುಡಿಗೆ ಮಾತ್ರ. ದುಗ್ಗಿ ಗಡ್ಡೆ ಮುರಿದು, ಮೊಳಕೆಯ ಕಣ್ಣು ಮೇಲೆ ಮಾಡಿ ನೆಡುತ್ತಿದ್ದಳಂತೆ. ಹೂ ಮುಗಿದ ದಂಟನ್ನು ಬುಡಕ್ಕೆ ಕೊಯ್ದು ಸೆಗಣಿ ನೀರು ಹೊಯ್ಯುತ್ತಿದ್ದಳಂತೆ. ಹಿತ್ತಿಲು ಪೂರ್ತಿ ಆಳೆತ್ತರ ಬೆಳೆಯಿತಂತೆ. ಸಂಜೆ ಬಿಳಿ ಹೂ ಅರಳಿದರೆ ಸಮುದ್ರದಲ್ಲಿದ್ದ ದೋಣಿಯವರು ವಾಸನೆ ಹಿಡಿದೇ ದಡಕ್ಕೆ ಬರುತ್ತಿದ್ದರಂತೆ. ಇದು ಸ್ವಲ್ಪ ಹೆಚ್ಚಾಯಿತು, ನನಗೂ ಗೊತ್ತು.

ಊರಿನ ಪ್ರತಿ ಮದುಮಗಳ ಮುಡಿಗೂ ಅವಳ ಹಿತ್ತಿಲಿನದೇ ಹೂ. ಆದರೆ ಗಂಡ ಸತ್ತವಳ ಕೈಯಿಂದ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ಮುತ್ತೈದೆಯರು ಬಂದು ಕೊಯ್ದುಕೊಂಡು ಹೋಗಬೇಕು. ಎಂಥ ನ್ಯಾಯವೋ! ನೆಡಲು ಅವಳ ಕೈ ಆಗುತ್ತದಂತೆ, ಕೊಡಲು ಆಗುವುದಿಲ್ಲವಂತೆ.

ದುಗ್ಗಿ ಎಲ್ಲ ಸಹಿಸಿದಳಂತೆ. ಅವಳಿಗಿದ್ದದ್ದು ಒಂದೇ ಆಸೆ, ಅಕ್ಕಣಿಯ ಮದುವೆಗೆ ಮಾತ್ರ ತನ್ನ ಕೈಯಾರೆ ಹೂ ಮುಡಿಸಬೇಕು. ಆ ದಿನ ಬಂತು. ಬಾಳೆನಾರಿನಲ್ಲಿ ದಂಡೆ ಕಟ್ಟಿ, ಚಪ್ಪರದೊಳಗೆ ಹೋಗಿ, ಮಗಳ ಮುಡಿಗಿಟ್ಟಳಂತೆ. ಗಂಡಿನ ಕಡೆಯವರು ಎದ್ದು ನಿಂತರಂತೆ. ಅತ್ತೆಯಾಗುವವಳು ದಂಡೆ ಕಿತ್ತು ಹೊರಗೆಸೆದು, ಬೇರೆ ಹೂ ತನ್ನಿ ಎಂದಳಂತೆ. ಬೇರೆ ಹೂ ಎಲ್ಲಿಂದ? ಅದೇ ಹಿತ್ತಿಲಿನಿಂದ, ಅದೇ ಬುಡದಿಂದ ತಂದರು. ಅಕ್ಕಣಿ ತಲೆ ತಗ್ಗಿಸಿ ಮುಡಿಸಿಕೊಂಡಳಂತೆ. ಅಮ್ಮನ ಕಡೆ ನೋಡಲಿಲ್ಲವಂತೆ.

ದಿಬ್ಬಣ ಹೋದ ಮೇಲೆ ದುಗ್ಗಿ ಗುದ್ದಲಿ ಹಿಡಿದಳು. ಒಂದು ಗಡ್ಡೆ ಬಿಡದೆ ಅಗೆದು ಹಳ್ಳಕ್ಕೆಸೆದಳಂತೆ. "ಇನ್ನು ಯಾರ ಮುಡಿಗೂ ಬೇಡ" ಅಂದಳಂತೆ. ಆಮೇಲೆ ಅವಳನ್ನು ಯಾರೂ ಕಾಣಲಿಲ್ಲ. ಆದರೆ ಗಡ್ಡೆ ಅಷ್ಟು ಸುಲಭಕ್ಕೆ ಸಾಯುತ್ತದೆಯೇ? ನೀರಲ್ಲಿ ತೇಲಿ ಹೋಗಿ, ಕೆಸರು ಸಿಕ್ಕಲ್ಲೆಲ್ಲ ಕಚ್ಚಿಕೊಂಡು, ಮುಂದಿನ ಮಳೆಗೆ ಹಳ್ಳದುದ್ದಕ್ಕೂ ಎದ್ದವಂತೆ.

ಆ ಊರು ಇದೇ. ಆ ಹಳ್ಳ ನಮ್ಮ ಮನೆ ಹಿಂದಿನದೇ. ಈಗಲೂ ಮದುವೆಗೆ ಹೂ ಕೊಯ್ಯುವ ಮೊದಲು ದುಗ್ಗಮ್ಮನಿಗೆ ಅಂತ ಒಂದು ಸುಗಂಧಿಯನ್ನು ನೀರಿಗೆ ಬಿಟ್ಟು ಕೈಮುಗಿಯುತ್ತಾರೆ. ಬಿಡುವವರು ಮುತ್ತೈದೆಯರೇ. ನಿಮ್ಮ ಅಜ್ಜ ಇದ್ದಷ್ಟು ದಿನ ನಾನೂ ಬಿಟ್ಟಿದ್ದೇನೆ. ಈಗ ಹೆಂಗಸರು ಹಳ್ಳಕ್ಕೆ ಹೊರಟರೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ.