ಬೆಳವಲದ ಹಂಚು

“ಅಜ್ಜಾರೇ, ನಮ್ಮ ಕೌದಿಯ ವೆಬ್‌ಸೈಟಿಗೆ ಹೆಸರಿನ ಕೊನೆಗೆ ಡಾಟ್ ಇನ್ ಅಂತ ಇಡಲೋ, ಡಾಟ್ ಕಾಮ್ ಅಂತ ಇಡಲೋ?” ಎಂದು ಶಿಷ್ಯೆ ಸಂಗವ್ವ ಕೇಳಿದಳು. “ಡಾಟ್ ಇನ್ ಇಟ್ಟರೆ ನಮ್ಮ ದೇಶದವರು ಹುಡುಕಿದಾಗ ಮುಂದೆ ಕಾಣುತ್ತೇವಂತೆ. ಡಾಟ್ ಕಾಮ್ ಇಟ್ಟರೆ ಇಡೀ ಲೋಕಕ್ಕೆ ಕಾಣಬಹುದಂತೆ. ಕೌದಿ ಮಾರಾಟವಾಗದೆ, ಹಳೆ ಬಟ್ಟೆ ಸೇರಿಸಿ ಅದನ್ನು ಹೊಲಿಯುವ ಹೆಂಗಸರು ಸೂಜಿ ಕೆಳಗಿಟ್ಟಿದ್ದಾರೆ. ಈ ಸಲ ತಪ್ಪಿದರೆ ನಮ್ಮ ಸಂಘ ಮುಚ್ಚಿದ ಹಾಗೆಯೇ. ಉತ್ತರ ತೆಗೆದುಕೊಂಡೇ ಹೋಗುತ್ತೇನೆ.”

“ಅಬ್ಬಾ, ಹಟ ಜೋರಾಗಿದೆ!” ಎಂದು ಮಠದ ಅಜ್ಜಾರು ನಕ್ಕು ಕತೆ ಶುರುಮಾಡಿದರು.

ಒಬ್ಬ ಕುಂಬಾರನಿದ್ದ. ರೊಟ್ಟಿ ಬೇಯಿಸುವ ಮಣ್ಣಿನ ಹಂಚು ಮಾಡುವುದರಲ್ಲಿ ಎತ್ತಿದ ಕೈ. ಹಲವು ಸೀಮೆಯ ಜನ ಸೇರುವ ಸಂತೆಯಲ್ಲಿ ಅವನ ಅಂಗಡಿ. ‘ಬೆಳವಲದ ಹಂಚು’ ಎಂದು ಫಲಕ ಬರೆಸಿದ್ದ. ಸಂತೆಯ ಬಾಗಿಲಲ್ಲಿ ಮಜ್ಜಿಗೆ ಮಾರುವ ಒಬ್ಬ ಮುದುಕಿ ಕೂರುತ್ತಿದ್ದಳು. ಯಾರು ಏನು ಕೇಳಿದರೂ ಫಲಕ ನೋಡಿ ಅವಳೇ ದಾರಿ ತೋರಿಸುವಳು.

ಬೆಳವಲದವರು ನೇರ ಅವನಲ್ಲಿಗೆ ಬರುತ್ತಿದ್ದರು. ಬೇರೆ ಸೀಮೆಯವರು ತಿರುಗಿಯೂ ನೋಡುತ್ತಿರಲಿಲ್ಲ. ಕುಂಬಾರನಿಗೆ ಅದನ್ನು ಸಹಿಸಲಾಗಲಿಲ್ಲ. ಇಡೀ ಸಂತೆ ತನ್ನ ಅಂಗಡಿಗೇ ಬರಬೇಕು ಎಂದು ಪಟ್ಟು ಹಿಡಿದ. ಹಳೆಯ ಫಲಕ ಕಿತ್ತು, ‘ಮಣ್ಣಿನ ಸಾಮಾನು, ಎಲ್ಲ ಸೀಮೆಯವರಿಗೆ’ ಎಂದು ಬರೆಸಿದ.

ಕರಾವಳಿಯ ಗಾಡಿಯವನೊಬ್ಬ ಬಂದು ‘ಹಂಚು ಇದೆಯೇ’ ಎಂದ. ಕುಂಬಾರ ಹಿಗ್ಗಿ ಹೀರೇಕಾಯಿಯಾದ. ಒಳ್ಳೆಯದೊಂದನ್ನು ಆರಿಸಿ, ಬೆರಳಿನಿಂದ ತಟ್ಟಿ ಸದ್ದು ಕೇಳಿಸಿ ಕೊಟ್ಟ. ಗಾಡಿಯವನು ಅದನ್ನು ಹೊರಳಿಸಿ ನೋಡಿ, “ಇದನ್ನು ಮಾಡಿಗೆ ಹೊದಿಸುವುದು ಹೇಗೆ ಮಾರಾಯಾ?” ಎಂದ. ಅವರ ಕಡೆ ಹಂಚೆಂದರೆ ಮನೆಯ ಮೇಲೆ ಹೊದಿಸುವುದು. ಅವನು ಬರಿಗೈಯಲ್ಲಿ ಹೋದ.

ಅತ್ತ ಬೆಳವಲದ ಹೆಂಗಸರೂ ಬರುವುದು ನಿಂತಿತು. ಹಂಚು ಸುಡುವ ಆವಿಗೆ ತಣ್ಣಗಾಯಿತು. ಒಂದು ದಿನ ತನ್ನ ಊರಿನವರೇ ಪಕ್ಕದ ಅಂಗಡಿಯಿಂದ ಹಂಚು ಹೊತ್ತು ಹೋಗುವುದನ್ನು ಕಂಡ. ಮುದುಕಿಯ ಮುಂದೆ ಹೋಗಿ ನಿಂತ.

“ನಾನಿಲ್ಲೇ ಕಣ್ಣೆದುರು ಕೂತಿದ್ದೇನೆ. ನಮ್ಮವರನ್ನು ಆಚೆ ಯಾಕೆ ಕಳಿಸಿದೆ?”

“ಅವರು ಕೇಳಿದ್ದು ಬೆಳವಲದ ಹಂಚು. ನೀನು ಬರೆಸಿದ್ದು ಮಣ್ಣಿನ ಸಾಮಾನು. ನಿನ್ನ ಮನಸ್ಸಿನಲ್ಲಿರುವುದನ್ನು ನಾನು ಓದಲೇನಪ್ಪಾ?”

ಕುಂಬಾರ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಅಂದೇ ‘ಬೆಳವಲದ ಹಂಚು’ ಎಂದು ಮತ್ತೆ ಬರೆಸಿದ. ಬೆಳವಲದವರು ಮರಳಿದರು, ಆವಿಗೆ ಮತ್ತೆ ಉರಿಯಿತು. ಆದರೆ ಕರಾವಳಿಯ ಆಸೆ ಬಿಡಲಿಲ್ಲ. ಅಲ್ಲಿಗೇ ಹೋದ, ಅಲ್ಲಿಯ ಮಳೆ ನೋಡಿದ, ಮಾಡಿನ ಹಂಚು ಮಾಡುವುದನ್ನು ಕಲಿತ. ಅದಕ್ಕೆ ಅಲ್ಲಿಯೇ ಬೇರೆ ಅಂಗಡಿ ಇಟ್ಟು, ಅಲ್ಲಿಯವರ ಮಾತಿನಲ್ಲೇ ಫಲಕ ಹಾಕಿದ. ಎರಡೂ ಅಂಗಡಿ ನಡೆದವು.

ಅಜ್ಜಾರು ಕತೆ ಮುಗಿಸಿದರು. ಸಂಗವ್ವನ ಮುಖ ಅರಳಿತು. “ತಿಳಿಯಿತು ಅಜ್ಜಾರೇ, ನಮ್ಮ ನಾಡಿನ ಹೆಸರೇ ಮೇಲು. ಈಗಲೇ ಹೋಗಿ ಡಾಟ್ ಇನ್ ಕೊಳ್ಳುತ್ತೇನೆ” ಎಂದು ಸೆರಗು ಸಿಕ್ಕಿಸಿ ಹೊರಟಳು.

“ಕೊಳ್ಳುವೆಯಂತೆ ತಾಯಿ, ನೀವು ಹೊಲಿಯುವ ಕೌದಿ ಯಾರ ಚಳಿಗೆ ಎಂಬುದನ್ನು ಮೊದಲು ಹೇಳು” ಎಂದರು ಅಜ್ಜಾರು.

ಸಂಗವ್ವ ಬಾಗಿಲಿನಿಂದ ಮರಳಿ ಬಂದು ಕೂತು, ಇದುವರೆಗೆ ಕೌದಿ ಕೊಂಡವರು ಯಾವ ಯಾವ ಊರಿನವರೆಂದು ಬೆರಳು ಮಡಚಿ ಎಣಿಸತೊಡಗಿದಳು.