ಹಿಂಬೆಳಕು ಕಣ್ಣು ಮುಚ್ಚಿದ್ದು

ಆಟದ ಮಾನಿಟರೊಂದರಲ್ಲಿ ಬಣ್ಣ ಬದಲಿಸುವ ಪುಟ್ಟ ಚುಕ್ಕಿಗಳಾದ ಪಿಕ್ಸೆಲ್ಲುಗಳು ಮುಂದಿದ್ದವು, ಅವುಗಳ ಬೆನ್ನಿಗೆ ಹಿಂಬೆಳಕು ಉರಿಯುತ್ತಿತ್ತು. ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ ಬಂದರೂ ಪರದೆಯ ಮೇಲೆ ಓಡುವ ಕುದುರೆ ತನ್ನ ಹಿಂದೆ ಮಸುಕನ್ನು ಎಳೆದುಕೊಂಡೇ ಹೋಗುತ್ತಿತ್ತು. ಮರುದಿನ, ಓಡುವ ಕುದುರೆಗೆ ಬಾಣ ಬಿಡುವ ಆಟದ ಫೈನಲ್ ಪಂದ್ಯ. ಆಟಗಾರ್ತಿ ತಬಸ್ಸುಮ್ ಪಿಕ್ಸೆಲ್ಲುಗಳು ಬಣ್ಣ ಬದಲಿಸುವ ವೇಗವನ್ನು ಕೊನೆಯ ಮಟ್ಟಕ್ಕೆ ಏರಿಸಿದಳು. ಅವು ಗಾಬರಿಯಿಂದ ಓಡಿ, ಮುಟ್ಟಬೇಕಾದ ಬಣ್ಣವನ್ನೇ ದಾಟಿಹೋದವು. ಕುದುರೆಯ ಹಿಂದೆ ಈಗ ಬಿಳಿಯ ನೆರಳೊಂದು ಓಡತೊಡಗಿತು.

"ಬಾಣ ಯಾವುದಕ್ಕೆ ಬಿಡಲಿ, ಕುದುರೆಗೋ ನೆರಳಿಗೋ?" ಎಂದಳು ತಬಸ್ಸುಮ್.

"ಸೋಮಾರಿಗಳಾ," ಎಂದು ಹಿಂಬೆಳಕು ಗದರಿತು. "ನನ್ನನ್ನು ನೋಡಿ ಕಲಿಯಿರಿ. ನಾನು ಒಂದು ಕ್ಷಣವೂ ಆರಿಲ್ಲ."

"ತೊಂದರೆ ಅದೇ," ಎಂದಿತು ಒಂದು ಪಿಕ್ಸೆಲ್. "ನಾನು ಒಂದು ಬಣ್ಣ ಕಳಚಿ ಇನ್ನೊಂದನ್ನು ಉಡುವಾಗಲೂ ನೀನು ನನ್ನನ್ನು ಎಲ್ಲರಿಗೂ ತೋರಿಸುತ್ತೀಯ. ಉಟ್ಟು ಮುಗಿಸುವ ತನಕ ಕಣ್ಣು ಮುಚ್ಚಿಕೊ."

"ಆರಿದ ದೀಪಕ್ಕೆ ಏನು ಮರ್ಯಾದೆ?"

ಅಷ್ಟರಲ್ಲಿ ತಬಸ್ಸುಮ್, "ಅವಸರ ಮಾಡಿಸಿದ್ದು ನನ್ನದೇ ತಪ್ಪು," ಎಂದು ವೇಗವನ್ನು ಮಧ್ಯಮಕ್ಕೆ ಇಳಿಸಿದಳು. ಆಮೇಲೆ ಚಿತ್ರ ಚಿತ್ರದ ನಡುವೆ ಹಿಂಬೆಳಕು ಆರಿ ಹೊತ್ತಿಕೊಳ್ಳುವ ಸೆಟ್ಟಿಂಗ್ ಒತ್ತಿದಳು. ಪರದೆ ಕೊಂಚ ಮಂಕಾಯಿತು. ಓಡುವ ಕುದುರೆಯ ಗೊರಸಿನ ಲಾಳವೂ ಕಣ್ಣಿಗೆ ನಿಚ್ಚಳವಾಯಿತು.

"ನಾನು ಆರಿದ್ದನ್ನು ಅವಳು ನೋಡಿದಳೇ?" ಎಂದು ಹಿಂಬೆಳಕು ಮೆಲ್ಲಗೆ ಕೇಳಿತು.

"ಇಲ್ಲ. ಕುದುರೆಯನ್ನು ನೋಡಿದಳು," ಎಂದಿತು ಪಿಕ್ಸೆಲ್.



"ಇಷ್ಟು ದಿನ ನಿನ್ನನ್ನು ಸೋಮಾರಿ ಎಂದೆ," ಎಂದಿತು ಹಿಂಬೆಳಕು. "ನೀನು ಉಟ್ಟು ಮುಗಿಸಲಿ ಎಂದು ಒಂದು ಸಲವೂ ಕಾಯಲಿಲ್ಲ."