ಸವರಮ್ಮನ ಚಾಪೆ

ಬೆಂಚುಗಳನ್ನೆಲ್ಲ ಯಾಕೆ ಹೊರಗಿಟ್ಟಿದ್ದಾರೆ ಅಂತ ಕೇಳಿದಿರಲ್ಲ, ಹೇಳ್ತೀನಿ, ಹತ್ತಿರ ಬನ್ನಿ. ಸವರಮ್ಮನ ಕಥೆಯನ್ನು ಎತ್ತರದಲ್ಲಿ ಕೂತು ಕೇಳಬಾರದು.

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಳೇ ಮಾತಾಗಿದ್ದ ಕಾಲದಲ್ಲಿ, ಈ ಕೆರೆ ದಂಡೆಯ ಮೇಲೆ ಒಂದು ಊರಿತ್ತಂತೆ. ಊರಿಗೊಂದು ಚರ್ಚಿತ್ತು, ಚರ್ಚಿಗೆ ಬೆಂಚಿರಲಿಲ್ಲ. ಮನೆಗೊಂದು ಚಾಪೆ. ಯಾರಾದರೂ ಮದುವೆಯಾಗಿ ಹೊಸ ಒಲೆ ಹೂಡಿದರೆ ಚರ್ಚಿಗೆ ಹೊಸ ಚಾಪೆ ಬರಬೇಕು. ಕೆರೆಯ ಜೊಂಡು ಕೊಯ್ದು, ಒಣಗಿಸಿ, ಅದನ್ನು ಹೆಣೆಯುವವಳು ಸವರಮ್ಮ. ಅವಳು ಹಾಸಿದ ಚಾಪೆಯನ್ನು ಇರುವೆಯೂ ತುಳಿಯದೆ ಬಳಸಿ ಹೋಗುತ್ತಿತ್ತಂತೆ. ನಾನಂತೂ ನೋಡಿಲ್ಲ. ಹೇಳಿದವರು ಸುಳ್ಳು ಹೇಳುವವರಲ್ಲ, ಒಂದಕ್ಕೆ ಎರಡು ಸೇರಿಸುವವರು ಅಷ್ಟೇ.

ಬರಬರುತ್ತಾ ಪೂಜೆಗೆ ಜನ ಕಡಿಮೆಯಾದರು. ಒಬ್ಬನಿಗೆ ಸಂತೆ, ಒಬ್ಬನಿಗೆ ನಿದ್ದೆ, ಇನ್ನೊಬ್ಬನಿಗೆ ಪಕ್ಕದ ಚಾಪೆಯವನ ಮುಖ ಕಂಡರಾಗದು. ಸುತ್ತಿಟ್ಟ ಚಾಪೆಗಳು ಗೋಡೆಗೆ ಒರಗಿ ನಿಂತವು. ಕೊನೆಗೆ ಪಟ್ಟಣದ ಬಿಷಪ್ ಸ್ವಾಮಿಯವರು ಹೇಳಿ ಕಳಿಸಿದರಂತೆ: ಈಸ್ಟರ್ ಹಬ್ಬದ ಹಿಂದಿನ ಗರಿಗಳ ಭಾನುವಾರ ನಾನೇ ಬರುತ್ತೇನೆ, ಜನ ಇಲ್ಲದಿದ್ದರೆ ಬಾಗಿಲಿಗೆ ಬೀಗ.

ಗಂಡ ಮಕ್ಕಳಿಲ್ಲದ ಸವರಮ್ಮನಿಗೆ ಮನೆ ತುಂಬಿದ ಹಾಗಾಗುತ್ತಿದ್ದುದು ಭಾನುವಾರ ಒಂದೇ ದಿನ.

ಏನು ಮಾಡಿದಳು ಗೊತ್ತಾ? ಬರದವರ ಚಾಪೆಯನ್ನು ತಲೆ ಮೇಲೆ ಹೊತ್ತು ಅವರ ಮನೆಗೇ ಹೋದಳಂತೆ. ಬಾಗಿಲ ಮುಂದೆ ಹಾಸಿದಳಂತೆ, ಕೂತಳಂತೆ. "ನೀವು ಬರ್ಲಿಲ್ಲ, ಅದ್ಕೇ ನಿಮ್ ಚಾಪೆನೇ ನೋಡ್ಕಂಡು ಹೋಗಕ್ ಬಂತು ಕಣವ್ವ," ಅನ್ನುವಳಂತೆ. ಬೈಗುಳ ಇಲ್ಲ, ಉಪದೇಶ ಇಲ್ಲ. ಬಾಣಂತಿಯಿದ್ದ ಮನೆಯಲ್ಲಿ ಮಗು ಆಡಿಸಿದಳು, ಮುದುಕ ಹಾಸಿಗೆ ಹಿಡಿದ ಮನೆಯಲ್ಲಿ ಕಾಲು ನೀವಿದಳು. ಜನ ನಕ್ಕರು, ಆಮೇಲೆ ನಾಚಿದರು, ಒಬ್ಬೊಬ್ಬರಾಗಿ ಬರತೊಡಗಿದರು.

ಇನ್ನಾಸಪ್ಪ ಅನ್ನುವವನೊಬ್ಬ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಅವನ ಹೆಂಡತಿ ತೀರಿಕೊಂಡದ್ದು ಸುಗ್ಗಿಯಲ್ಲಿ. ಊರೆಲ್ಲ ಹೊಲದಲ್ಲಿತ್ತು, ಮಣ್ಣಿಗೆ ನಾಲ್ಕು ಜನ ಸೇರಲಿಲ್ಲ. ಆ ಸಿಟ್ಟು ನ್ಯಾಯವಾದದ್ದೇ ಅಂತೀನಿ ನಾನು. "ಸತ್ತಾಗ ಬರ್ದೋರ ಪಕ್ಕ ನಾನ್ಯಾಕೆ ಕೂರ್ಲಿ? ನಿನ್ ಚಾಪೆ ತಗಂಡೋಗಿ ಬೆಂಕಿಗಾಕು!" ಅಂದನಂತೆ. ಸವರಮ್ಮ ಚಾಪೆ ಸುತ್ತಿಕೊಂಡು ಬಂದಳು.

ಗರಿಗಳ ಭಾನುವಾರ ಬಂತು. ಅಬ್ಬಬ್ಬಾ, ಆ ದಿನ ಚರ್ಚಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನವಂತೆ! ದೂರದ ದಾರಿಯಲ್ಲಿ ಬಿಷಪ್ಪರ ಗಾಡಿಯ ಧೂಳೂ ಕಾಣಿಸಿತು. ಅಷ್ಟರಲ್ಲಿ ಯಾರೋ ಕೂಗಿದರು. ಇನ್ನಾಸಪ್ಪನ ಹುಲ್ಲಿನ ಮನೆ ಹತ್ತಿಕೊಂಡು ಉರಿಯುತ್ತಿತ್ತು!

ಜನ ಒಮ್ಮೆ ಹೊಗೆ ನೋಡಿದರು, ಒಮ್ಮೆ ಧೂಳು ನೋಡಿದರು. ಈಗ ಎದ್ದರೆ ಚರ್ಚು ಖಾಲಿ, ಖಾಲಿಯಾದರೆ ಬೀಗ. ಮೊದಲು ಎದ್ದವಳು ಯಾರು? ಸವರಮ್ಮ! ಇನ್ನಾಸಪ್ಪನ ಚಾಪೆಯನ್ನೇ ಎತ್ತಿಕೊಂಡಳು. "ಏಳ್ರೋ! ಚಾಪೆ ಎತ್ಕಳಿ, ಕೆರೇಲಿ ಅದ್ದಿ ಓಡ್ರೋ!"

ಊರಿಗೆ ಊರೇ ಓಡಿತಂತೆ. ಒದ್ದೆ ಚಾಪೆಗಳನ್ನು ಸೂರಿಗೆ ಎಸೆದರಂತೆ, ಬೆಂಕಿಗೆ ಬಡಿದರಂತೆ. ಸವರಮ್ಮ ಚಾಪೆ ಹೊದ್ದು ಒಳಗೆ ನುಗ್ಗಿ ಇನ್ನಾಸಪ್ಪನನ್ನು ಎಳೆದು ತಂದಳಂತೆ.

ಇತ್ತ ಬಿಷಪ್ಪರು ಬಂದು ನೋಡಿದರೆ ಚರ್ಚಿನಲ್ಲಿ ನರಪಿಳ್ಳೆ ಇಲ್ಲ, ಒಂದು ಚಾಪೆಯೂ ಇಲ್ಲ! ಬೀಗ ಕೈಗೆ ತೆಗೆದುಕೊಂಡರು. ಆಗ ಗಲಾಟೆ ಕೇಳಿ ಹೊಗೆಯ ಕಡೆ ನಡೆದರು. ಅಲ್ಲಿ ಮಸಿ ಮೆತ್ತಿದ ಮುಖಗಳು, ನಡುವೆ ಸುಟ್ಟ ಚಾಪೆಯ ಮೇಲೆ ಅಳುತ್ತ ಕೂತ ಇನ್ನಾಸಪ್ಪ. ಇದೇನಪ್ಪ ಅಂತ ಬಿಷಪ್ಪರು ಕೇಳಿದರಂತೆ.

"ನಾನ್ ಹೋಗ್ಲಿಲ್ಲ ಸ್ವಾಮಿ," ಅಂದನಂತೆ ಇನ್ನಾಸಪ್ಪ. "ಚರ್ಚೇ ನನ್ನ ನೋಡ್ಕಂಡು ಹೋಗಕ್ ಬಂತು."

ಬಿಷಪ್ಪರು ಬೀಗವನ್ನು ಕೆರೆಗೆ ಎಸೆದು ಆ ಅಂಗಳದಲ್ಲೇ ಪೂಜೆ ಮಾಡಿದರಂತೆ. ಎಸೆಯಲಿಲ್ಲ, ಜೇಬಿಗೆ ಹಾಕಿಕೊಂಡರು ಅನ್ನುವವರೂ ಇದ್ದಾರೆ. ನನಗೆ ಎಸೆದದ್ದೇ ಇಷ್ಟ.

ಈಗ ಬೆಂಚು ಬಂದಿವೆ, ಕೂರುವವರು ಮತ್ತೆ ಕಡಿಮೆಯಾಗಿದ್ದಾರೆ. ಆದರೂ ಗರಿಗಳ ಭಾನುವಾರ ನಾವು ಬೆಂಚು ಹೊರಗಿಟ್ಟು ಮನೆಗೊಂದು ಚಾಪೆ ಹಾಸುತ್ತೇವೆ. ಖಾಲಿ ಉಳಿದ ಚಾಪೆಯನ್ನು ಪೂಜೆ ಮುಗಿದ ಮೇಲೆ ಪಕ್ಕದವರು ಹೊತ್ತು ಆ ಮನೆಗೆ ಹೋಗಿ, ಹಾಸಿ ಕೂರಬೇಕು. ಸಾವಾದ ಮನೆಗಾದರೆ ಯಾವ ದಿನವೇ ಇರಲಿ, ಊರಿನ ಚಾಪೆಗಳೆಲ್ಲ ಹೋಗುತ್ತವೆ. ಅಂದಿನಿಂದ ಮಣ್ಣಿಗೆ ಜನ ಸಾಲದ ಮನೆ ಈ ಊರಲ್ಲಿ ಒಂದೂ ಇಲ್ಲ.

ಇವತ್ತಿನ ಪೂಜೆ ಮುಗೀತು. ಅಗೋ, ಆ ಮೂಲೆಯ ಚಾಪೆ ಈ ಸಲ ಖಾಲಿ. ಏಳಿ ಏಳಿ, ಒಂದು ತುದಿ ನಾನು ಹಿಡೀತೀನಿ.